ಕಾಜಾನ ಬಾಲದ ಅಳತೆ

ಮೂವತ್ತೊಂದು ವರ್ಷದಿಂದ ಪ್ಯಾಂಟು, ಕೋಟು ಹೊಲಿಯುತ್ತಿರುವ ಆ ಟೈಲರಿಗೆ ಬೀದಿಯವರು ಇಟ್ಟ ಹೆಸರು ಅರ್ಧಿಂಚು. ಯಾರ ಸೊಂಟಕ್ಕೆ ಟೇಪು ಸುತ್ತಿದರೂ ಒಳಗೆ ತನ್ನದೊಂದು ಬೆರಳು ತೂರಿಸಿ, ಅರ್ಧ ಇಂಚು ಸಡಿಲ ಇರಲಿ, ಊಟವಾದ ಮೇಲೂ ಮನುಷ್ಯ ಉಸಿರಾಡಬೇಕಲ್ಲ ಎನ್ನುವುದು ಅವನ ರೂಢಿ. ಆ ಬೆರಳಿನ ಪುಣ್ಯದಿಂದ ಬೀದಿಯ ಅರ್ಧ ಗಂಡಸರು ತಾವಿನ್ನೂ ದಪ್ಪಗಾಗಿಲ್ಲ ಎಂದು ನಂಬಿಕೊಂಡು ನೆಮ್ಮದಿಯಾಗಿದ್ದರು.

ಏನಾದರೂ ಸಾಕಬೇಕೆಂಬ ಆಸೆ ಅವನಿಗೆ ಮೊದಲಿಂದಲೂ ಇತ್ತು. ಬೆಕ್ಕು ತಂದ. ಅದು ಗಿರಾಕಿಯೊಬ್ಬರ ಕಪ್ಪು ಸೂಟಿನ ಮೇಲೆ ಮಲಗಿ ಎದ್ದಾಗ ಸೂಟಿಗೇ ಮೀಸೆ ಬಂದಂತಿತ್ತು. ಅದೇ ಅಂಗಡಿಯಲ್ಲಿ ಅಂಗಿ ಹೊಲಿಯುವ ಹೆಂಡತಿ ಬೆಕ್ಕನ್ನು ತಂಗಿಯ ಮನೆಗೆ ಸಾಗಹಾಕಿ, ಕೂದಲಿಲ್ಲದ್ದು ಏನಾದರೂ ಇದ್ದರೆ ತನ್ನಿ ಎಂದಳು. ಹೇಳಿದ್ದು ತಮಾಷೆಗೆ. ಪುಣ್ಯಾತ್ಮ ಮರುದಿನವೇ ಮೈತುಂಬ ಕಪ್ಪು ಚುಕ್ಕೆಯ ಹಳದಿ ಹಲ್ಲಿಯೊಂದನ್ನು ಗಾಜಿನ ಪೆಟ್ಟಿಗೆ ಸಮೇತ ಹೊತ್ತು ತಂದ. ಅದರ ಕಣ್ಣಿನ ಪಾಪೆ ಅಂಗಿಯ ಗುಂಡಿ ತೂರಿಸುವ ಕಾಜಾದಂತೆ ಉದ್ದಕ್ಕೆ ಸೀಳಿತ್ತು. ಹಾಗಾಗಿ ಹೆಸರೂ ಕಾಜಾ ಎಂದೇ ಆಯಿತು. ಹೆಂಡತಿ ಒಂದು ವಾರ ಮಾತು ಬಿಟ್ಟಳು. ಎರಡನೇ ವಾರ ಅದಕ್ಕೆ ಹುಳ ತಿನ್ನಿಸಲು ಅವಳೇ ಕೂತಳು.

ಈ ಜಾತಿಯ ಹಲ್ಲಿಗೆ ಬಾಲವೇ ಉಗ್ರಾಣ, ಕೊಬ್ಬೆಲ್ಲ ಅಲ್ಲೇ ಇರುತ್ತದೆ, ಬಾಲ ಸೊರಗಿತೆಂದರೆ ಕಾಯಿಲೆ ಬಂತೆಂದೇ ಅರ್ಥ ಎಂದು ಮಾರಿದವನು ಎಚ್ಚರಿಸಿದ್ದ. ಅಳತೆಯ ವಿಷಯದಲ್ಲಿ ಅರ್ಧಿಂಚಿಗೆ ಯಾರೂ ಪಾಠ ಹೇಳಬೇಕಿಲ್ಲ. ಪ್ರತಿ ಸೋಮವಾರ ಬಾಲಕ್ಕೆ ಟೇಪು ಸುತ್ತಿ ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದ: ಕಾಜಾ, ಬಾಲ, ಮೂರೂವರೆ ಇಂಚು. ಎಂಟು ಸೋಮವಾರವೂ ಮೂರೂವರೆ. ಈ ನಡುವೆ ಕಾಜಾ ಹುಳ ಕಂಡರೆ ಮುಖ ತಿರುಗಿಸತೊಡಗಿತು, ಮೂಲೆಯಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡಿತು. ಹೆಂಡತಿ ಚಡಪಡಿಸಿದಾಗೆಲ್ಲ ಅವನು ಪುಸ್ತಕ ತೆರೆದು ತೋರಿಸಿದ. ಅಳತೆ ಸರಿಯಿರುವಾಗ ಕಾಯಿಲೆ ಎಲ್ಲಿಂದ ಬರಬೇಕು?

ಒಂಬತ್ತನೇ ಸೋಮವಾರ ಅವನಿಗೆ ಕೈತುಂಬ ಕೆಲಸವಿತ್ತು, ಅವಳೇ ಅಳೆದಳು. ಕಾಲರು ಅಳೆದು ಪಳಗಿದ ಕೈ ಅವಳದು, ಟೇಪು ಮೈಗೆ ಅಂಟಲೇಬೇಕು.

"ರೀ, ಇಲ್ಲಿ ಒಂದಿಂಚೂ ಇಲ್ಲ. ಇಷ್ಟು ದಿನ ನೀವು ಅಳೀತಿದ್ದಿದ್ದು ನಿಮ್ಮ ಬೆರಳನ್ನ."

ಹೌದು. ಬಾಲ ಸೊರಗಿದಷ್ಟೂ ಬೆರಳು ಟೇಪಿನೊಳಗೆ ಇನ್ನಷ್ಟು ತೂರಿತ್ತು. ಅರ್ಧಿಂಚು ಹೊಲಿಗೆ ಅಲ್ಲೇ ಬಿಟ್ಟು ಎದ್ದ. ಯಾರದೋ ಅರೆಹೊಲಿದ ಕೋಟಿನಲ್ಲಿ ಪೆಟ್ಟಿಗೆ ಸುತ್ತಿಕೊಂಡು, ಕೊರಳಲ್ಲಿ ಟೇಪು ನೇತಾಡಿಸುತ್ತ ಪ್ರಾಣಿಗಳ ಡಾಕ್ಟರ ಬಳಿ ಓಡಿದ. ಆಕೆ ಕಾಜಾನ ಬಾಯಿ, ಹೊಟ್ಟೆ ನೋಡಿ, ಪೆಟ್ಟಿಗೆಯ ತಳಕ್ಕೆ ಬಿಸಿ ಕೊಡುವ ಹಾಸು ಇದೆಯೇ ಎಂದು ಕೇಳಿದರು.

"ಇದೆ ಡಾಕ್ಟ್ರೇ. ಇಸ್ತ್ರಿ ಪೆಟ್ಟಿಗೆ ಹಾಕ್ದಾಗ ಮಾತ್ರ ತೆಗೀತೀವಿ. ಅಂಗಡೀಲಿ ಇರೋದು ಒಂದೇ ಪ್ಲಗ್ಗು."

ಇಸ್ತ್ರಿ ಎಷ್ಟು ಹೊತ್ತು ನಡೆಯುತ್ತದೆ ಎಂದರೆ, ಬೆಳಿಗ್ಗೆ ಒಂಬತ್ತರಿಂದ ಅಂಗಡಿ ಮುಚ್ಚುವವರೆಗೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊಟ್ಟೆಗೆ ಶಾಖ ಸಿಗದಿದ್ದರೆ ಇವಕ್ಕೆ ತಿಂದದ್ದು ಅರಗುವುದಿಲ್ಲ, ಒಳಗೇ ಕಟ್ಟಿಕೊಂಡಿದೆ ಎಂದು ವಿವರಿಸಿ, ದಿನಾ ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ, ಹೊಟ್ಟೆ ಮೆಲ್ಲಗೆ ನೀವಲು ಹೇಳಿದರು.

"ಹಿಕ್ಕೆ ಹಾಕಿದ್ರೆ ಉಳೀತು ಅಂದ್ಕೊಳ್ಳಿ. ಇಲ್ದಿದ್ರೆ ನನ್ನ ಕೈಲೂ ಏನಿಲ್ಲ."

ಅಂದಿನಿಂದ ಇಸ್ತ್ರಿ ಪೆಟ್ಟಿಗೆ ಅಟ್ಟ ಸೇರಿತು. ಪ್ಯಾಂಟುಗಳು ಮುದುಡಿಕೊಂಡೇ ಹೊರಟವು. ಗೊಣಗಿದ ಗಿರಾಕಿಗಳಿಗೆಲ್ಲ, ಮನೆಯಲ್ಲೇ ಉಜ್ಜಿಕೊಳ್ಳಿ ಎಂಬ ಉತ್ತರ. ಬೆಳಿಗ್ಗೆ, ಸಂಜೆ ಅವನು ಕಾಜಾನನ್ನು ತಟ್ಟೆಯ ನೀರಲ್ಲಿ ಕೂರಿಸಿ ಹೊಟ್ಟೆ ನೀವಿದ. ಪಾಪದ ಪ್ರಾಣಿ, ನನ್ನ ಕೈಯಾರೆ ಕೊಂದೆನಲ್ಲ ಎಂಬ ಸಂಕಟಕ್ಕೆ ಅವನಿಗೂ ಊಟ ಸೇರಲಿಲ್ಲ.

ಎಂಟನೇ ದಿನ ಬ್ಯಾಂಕ್ ಮ್ಯಾನೇಜರು ಒಂದೇ ತೋಳಿನ ಕೋಟು ತೊಟ್ಟು ಅಳತೆ ನೋಡಿಸಲು ನಿಂತಿದ್ದರು. ಬಾಯಲ್ಲಿ ಗುಂಡುಪಿನ್ನು ಕಚ್ಚಿದ್ದ ಅರ್ಧಿಂಚು ಅಭ್ಯಾಸದಂತೆ ಪೆಟ್ಟಿಗೆಯತ್ತ ಕಣ್ಣು ಹಾಯಿಸಿ ಹಾಗೇ ನಿಂತ. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದ. ಆಮೇಲೆ ನೆಲಕ್ಕೆ ಕುಸಿದು ಬಿಕ್ಕಿಬಿಕ್ಕಿ ಅಳತೊಡಗಿದ. ಮ್ಯಾನೇಜರು ಗಾಬರಿಯಾಗಿ, ಮನೆಯಲ್ಲಿ ಯಾರಾದರೂ ಹೋಗಿಬಿಟ್ಟರೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಹೆಂಡತಿ ಪೆಟ್ಟಿಗೆಗೆ ಬಗ್ಗಿ ನೋಡಿ, ಕೈಗೆ ಸಿಕ್ಕ ಬಟ್ಟೆ ಚೂರಲ್ಲಿ ಕಣ್ಣೊರೆಸಿಕೊಂಡಳು.

"ಯಾರೂ ಹೋಗಿಲ್ಲ ಸಾರ್," ಎಂದಳು. "ನಮ್ಮ ಕಾಜಾ ಹಿಕ್ಕೆ ಹಾಕಿದೆ."