ಭಾವನವರು ಬಂದರು, ಮರಳಿನ ಚೀಲ ಜಾರಿತು

ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ನಾನು ಹಗಲಿನಲ್ಲಿ ಕಾಲು ಚಾಚಿ ಮಲಗಿದ್ದು ಬಾಣಂತನದಲ್ಲಿ ಮಾತ್ರ. ಇನ್ನೊಂದು ಅವಕಾಶವನ್ನು ದೇವರು ಹೃದಯದ ಕವಾಟ ಕೆಡಿಸಿ ಕೊಟ್ಟ. ಅವನ ದಯೆ ಯಾವ ಬಾಗಿಲಿನಿಂದ ಬರುತ್ತದೋ ಹೇಳಲಾಗದು.

ತೊಂಬತ್ತರ ದಶಕದ ಮಾತು. ನೀರು ಸೇದಿದರೆ ಏದುಸಿರು, ಮುದ್ದೆ ತೊಳಸಿದರೆ ಏದುಸಿರು. "ಮೈಗಳ್ಳತನಕ್ಕೆ ಔಷ್ದಿ ಇಲ್ಲ ಕಣೇ" ಎನ್ನುತ್ತಿದ್ದ ಅತ್ತೆಯವರು, ನಾನು ಒಲೆಯ ಮುಂದೆ ಕುಸಿದ ಮೇಲೆ ಬೇಲೂರಿನ ಚೆನ್ನಕೇಶವನಿಗೆ ಹರಕೆ ಹೊತ್ತರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆ ಸೀಳಲಿಲ್ಲ. ತೊಡೆಯ ಸಂದಿನಲ್ಲಿ ರಕ್ತನಾಳಕ್ಕೆ ತೂತು ಮಾಡಿ, ಅಲ್ಲಿಂದ ಪುಟ್ಟ ಬಲೂನನ್ನು ಹೃದಯದವರೆಗೂ ಕಳಿಸಿ, ಅಂಟಿಕೊಂಡಿದ್ದ ಕವಾಟ ಬಿಡಿಸಿದರು. ದೊಡ್ಡ ಕೆಲಸ ಸಲೀಸಾಗಿ ಮುಗಿಯಿತು. ಉಳಿದದ್ದು ಆ ತೂತು.

ನರ್ಸಮ್ಮ ಆ ಜಾಗವನ್ನು ಬಹಳ ಹೊತ್ತು ಒತ್ತಿ ಹಿಡಿದು, ಬಿಗಿಯಾಗಿ ಪಟ್ಟಿ ಹಾಕಿ, ಮೇಲೊಂದು ಮರಳಿನ ಚೀಲ ಹೇರಿದಳು. "ಕಾಲು ಮಡಿಸಬಾರದು, ತಲೆ ಕೂಡ ಎತ್ತಬಾರದು. ತೊಡೆ ಹತ್ರ ಬೆಚ್ಚಗೆ ಒದ್ದೆ ಅನ್ಸಿದ್ರೆ ಕೂಗಿ. ನಾಚ್ಕೊಂಡು ಸುಮ್ನಿದ್ರೆ ಪ್ರಾಣಕ್ಕೇ ಬರುತ್ತೆ."

ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಕಣಕಟ್ಟೆಯಿಂದ ಭಾವ ಬಂದರು, ನನ್ನ ಯಜಮಾನರ ಅಣ್ಣ. ನಮ್ಮಲ್ಲಿ ಹೊಸಿಲಿನಲ್ಲಿ ಅವರ ಕೆಮ್ಮು ಕೇಳಿದರೆ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲಬೇಕು. ಆ ಕೆಮ್ಮು ಕಾಯಿಲೆಯಲ್ಲ, ಅಧಿಕಾರ. ನನ್ನ ಮಂಚವೋ, ಪಾದಗಳು ನೇರ ಬಾಗಿಲ ಕಡೆಗೆ.

ಭಾವ ಕೆಮ್ಮಿದರು.

"ಅಯ್ಯೋ, ದೊಡ್ಡೋನು ಬಂದವ್ನೆ! ಅವ್ನ ಮಖಕ್ಕೆ ಕಾಲು ಚಾಚ್ಕೊಂಡು ಬಿದ್ದಿದೀಯಲ್ಲೇ, ವಸಿ ಎದ್ದು ಕೂತ್ಕೊ" ಎಂದರು ಅತ್ತೆ.

"ಇರ್ಲಿ ಬಿಡವ್ವ" ಎಂದ ಭಾವ, ನಾನು ಏಳುವುದನ್ನೇ ಕಾಯುತ್ತ ನಿಂತರು.

ನರ್ಸಮ್ಮನ ಮಾತು ಬೆಳಗಿನದು. ಆ ಕೆಮ್ಮಿಗೆ ನನ್ನ ಮೈ ಪಳಗಿದ್ದು ಮದುವೆಯಾದಾಗಿನಿಂದ. ತಲೆ ಎತ್ತಿ ಮೊಣಕಾಲು ಮಡಿಸಿಯೇಬಿಟ್ಟೆ. ಚೀಲ ಪಕ್ಕಕ್ಕೆ ಜಾರಿತು. ಹೊದಿಕೆಯೊಳಗೆ ಬೆಚ್ಚಗೆ ಏನೋ ಹರಿಯಿತು.

"ಅತ್ತೆ, ರಕ್ತ..." ಎಂದೆ ಮೆಲ್ಲಗೆ.

"ಎಲ್ಲೇ?"

ಭಾವನ ಎದುರಿಗೆ ಎಲ್ಲಿ ಎಂದು ಹೇಳಲಿ? ಅವರು ಸ್ಟೂಲಿನ ಮೇಲೆ ಕೂತು ಕೊಬ್ಬರಿ ಧಾರಣೆ ಬಿದ್ದುಹೋದ ಕಥೆ ಶುರು ಮಾಡಿದ್ದರು. ಒದ್ದೆ ಸೊಂಟದ ಅಡಿಗೂ ಹರಡಿತು. ಕಿವಿ ಗುಂಯ್ ಎಂದಿತು. ಮರ್ಯಾದಸ್ಥ ಹೆಣವಾಗಿ ಊರು ಸೇರುವುದು ಯಾವ ದೇವರಿಗೆ ಪ್ರೀತಿ? ಕೇಶವಾ ಎಂದುಕೊಂಡು ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ: "ಸಿಸ್ಟರ್! ತೊಡೇಲಿ ರಕ್ತ!"

ಇಡೀ ವಾರ್ಡು ತಿರುಗಿ ನೋಡಿತು. ಕೊಬ್ಬರಿ ಧಾರಣೆ ಅಲ್ಲಿಗೇ ನಿಂತಿತು.

ನರ್ಸಮ್ಮ ಓಡಿಬಂದು ಹೊದಿಕೆ ಎಳೆದು, ಮೈಭಾರವೆಲ್ಲ ಬಿಟ್ಟು ಆ ಜಾಗವನ್ನು ಅದುಮಿದಳು. ಅಷ್ಟರಲ್ಲಿ ಭಾವ ವರಾಂಡದಲ್ಲಿದ್ದರು. ಬಸ್ಸು ಹೊರಟಾಗಲೂ ಅವರು ಹಾಗೆ ಓಡಿದವರಲ್ಲ.

"ಯಾರ್ರೀ ಇವರನ್ನ ಎಬ್ಬಿಸಿದ್ದು?"

"ಯಾರೂ ಇಲ್ಲ ಕಣಮ್ಮ" ಎಂದರು ಅತ್ತೆ. "ಅವ್ಳಿಗೇ ದೊಡ್ಡೋರು ಅಂದ್ರೆ ಮರ್ವಾದೆ ಜಾಸ್ತಿ."

ಅವರ ಬಾಯಿಂದ ನನಗೆ ಬಂದ ಮೊದಲ ಹೊಗಳಿಕೆ ಅದು. ಅದಕ್ಕೆ ಹಾಸಿಗೆ ತುಂಬ ರಕ್ತ ಸುರಿಸಬೇಕಾಯಿತು, ಇರಲಿ, ಬಂತಲ್ಲ.

ರಕ್ತ ನಿಂತಿತು. ಹೊಸ ಪಟ್ಟಿ, ಮತ್ತೆ ಚೀಲ, ಅಲುಗಾಡದೆ ಮಲಗುವ ಶಿಕ್ಷೆ ಮೊದಲಿನಿಂದ. ಸಂಜೆ ಭಾವ ಎಳನೀರು ಹಿಡಿದು ಮತ್ತೆ ಬಂದರು. ಅತ್ತೆಯವರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು.

"ಬನ್ನಿ ಭಾವ, ಕೂತ್ಕೊಳ್ಳಿ" ಎಂದೆ, ದಿಂಬಿನಿಂದ ತಲೆ ಎತ್ತದೆ. ಕಾಲೂ ಮಡಿಸಲಿಲ್ಲ.

ಅವರು ಎಳನೀರನ್ನು ಅತ್ತೆಯ ಕೈಗೆ ಕೊಟ್ಟರು. ಆಮೇಲೆ ಸ್ಟೂಲನ್ನು ನನ್ನ ತಲೆಯ ಕಡೆಗೆ ಎಳೆದುಕೊಂಡು ಕೂತರು.