ಹಂಡೆಯ ಕಟ್ಟಿಗೆ ಕದ್ದವರು

ನವನಗರದಲ್ಲಿ ಹತ್ತಿಕಟ್ಟಿಗೆಗೂ ಕಳ್ಳರಿದ್ದಾರೆ ಗೆಳೆಯರೇ! ಇವತ್ತು ಬೆಳಗಿನ ತನಕ ಹಾಗೆಂದೇ ನಂಬಿದ್ದೆ.

ಚಳಿಗಾಲದ ಸ್ನಾನದ ನೀರಿಗೆಂದು ಗುಡೂರಿನಿಂದ ಒಣ ಹತ್ತಿಕಟ್ಟಿಗೆ ತರಿಸಿ, ಹಿತ್ತಲಲ್ಲಿ ತಗಡಿನ ಕೆಳಗೆ ಒಟ್ಟಿದ್ದೆ. ಹಂಡೆಯ ಒಲೆಗೆ ಹೊಸದಾಗಿ ಮಣ್ಣು ಮೆತ್ತಿದ್ದೂ ಆಗಿತ್ತು. ಚಳಿ ಇನ್ನೂ ಬಂದಿಲ್ಲ, ನಾನು ಒಲೆ ಹೊತ್ತಿಸಿಲ್ಲ, ರಾಶಿ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ನನ್ನ ಕಣ್ಣು ಹೋದದ್ದು ಪಕ್ಕದ ಮನೆಯ ಬಸಣ್ಣನ ಮೇಲೆ. ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಸಾಲದ್ದಕ್ಕೆ, ಈಚೆಗೆ ನನ್ನನ್ನು ಕಂಡರೆ ಸಾಕು, ನಗುತ್ತಿದ್ದ. ಕಾರಣವಿಲ್ಲದೆ ಯಾರಾದರೂ ನಗುತ್ತಾರೆಯೇ?

ಇವತ್ತು ರಜೆ, ಮನೆಯಲ್ಲೇ ಇದ್ದೆ; ತಡೆಯಲಾಗಲಿಲ್ಲ. ಗೋಡೆಯ ಈಚೆಯಿಂದಲೇ ಕೇಳಿದೆ: "ಬಸಣ್ಣ, ನೀವು ಜಳಕದ ನೀರು ಯಾತರ ಮ್ಯಾಲೆ ಕಾಸ್ತೀರಿ?"

"ಗೀಜರ್ ಐತಲ್ರಿ. ಯಾಕ್ರಿ?"

"ನಮ್ಮ ಕಟಗಿ ಕಡಿಮಿ ಆಗಾಕತ್ತೈತಿ. ಅದಕ್ಕ ಕೇಳಿದೆ."

ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು: "ಅವರನ್ಯಾಕ ಕೇಳ್ತೀರಿ? ನಾನ ಸುಟ್ಟೇನಿ. ನೀವು ಆಫೀಸಿಗೆ ಹೋದ ಮ್ಯಾಲೆ ಆ ಒಲಿ ಮ್ಯಾಲೆ ಹಂಚು ಇಟ್ಟು ರೊಟ್ಟಿ ಬಡೀತೇನಿ. 'ರೊಟ್ಟಿ ಈಗೀಗ ಭಾಳ ಛಲೋ ಆಗಾಕತ್ತಾವ' ಅಂತ ದಿನಾ ಒಂದು ಹೆಚ್ಚಿಗಿ ತಿಂದವ್ರು ಯಾರು?"

ಬಸಣ್ಣ ಮೆಲ್ಲಗೆ ಅಂದ: "ಅಕ್ಕಾರು ನಮಗೂ ಎರಡು ಕೊಡ್ತಾರ್ರಿ. ಅದಕ್ಕ ನಿಮ್ಮನ್ನ ಕಂಡಾಗ ಮಾರಿ ಅರಳತೈತಿ."

ಅಂದರೆ ಕಳ್ಳಮಾಲಿನ ದೊಡ್ಡ ಪಾಲು ನನ್ನ ಹೊಟ್ಟೆಯಲ್ಲೇ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಹಂಗಾರ ನಾಳಿಂದ ಗ್ಯಾಸಿನ ಮ್ಯಾಲೆ ಮಾಡ್ಲೇನ್ರಿ?"

ಮೂರನೇ ರೊಟ್ಟಿಗೆ ಕೈ ಹಾಕುತ್ತಾ, ಚಳಿಗಾಲದಲ್ಲಿ ತಣ್ಣೀರಿನ ಸ್ನಾನ ಆರೋಗ್ಯಕ್ಕೆ ಭಾಳ ಒಳ್ಳೆಯದು ಎಂದೆ.