ಅಧ್ಯಕ್ಷರ ಮನೆಯಲ್ಲಿ ಅತ್ತೆ ಬಡಿಸಿದ ಅನ್ನ

ದೇವರಿದ್ದಾನೆ ಎಂಬುದರಲ್ಲಿ ನನಗೆ ಒಂದು ದಿನವೂ ಅನುಮಾನ ಬಂದದ್ದಿಲ್ಲ. ಆದರೆ ಸತ್ತವರು ಬಂದರು, ಉಂಡರು, ಕನಸಿನಲ್ಲಿ ಸೀರೆ ಕೇಳಿದರು ಎಂದು ಯಾರಾದರೂ ಶುರುಮಾಡಿದರೆ ನಾನು ಒಲೆ ನೋಡುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಹೋದವರು ದೇವರ ಪಾದ ಸೇರಿದರು, ಇಲ್ಲಿ ಅವರಿಗೆ ಇನ್ನೇನು ಕೆಲಸ ಎನ್ನುವುದು ನನ್ನ ಯೋಚನೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದೇನೆ. ಆದ್ದರಿಂದ ಇದನ್ನು ಓದುವ ನೀವು ನನ್ನನ್ನು ನಂಬಲೇಬೇಕು ಎಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಾವು ಸಾಂಟಾ ಕ್ಲಾರಾದಲ್ಲಿ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ಊರಿಗೆ ಊರೇ ಹೊಸ ಕಂಪನಿ, ಷೇರು ಎಂದು ಓಡುತ್ತಿದ್ದ ಕಾಲ. ನಮ್ಮವರು ಶನಿವಾರವೂ ಆಫೀಸಿಗೆ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಇಲ್ಲಿಯ ರಾಷ್ಟ್ರಾಧ್ಯಕ್ಷರ ಹೆಸರಿನಲ್ಲಿ ಬರುವ ಸೋಮವಾರದ ರಜೆಯೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬೇರೆ ಮನೆಯವರು ಹಿಮ ನೋಡಲು ಹೋದರೆ ಇವರು ನಮ್ಮನ್ನು ಯಾವುದೋ ಹಳೆಯ ಅಧ್ಯಕ್ಷರದ್ದೋ, ಅವರ ಪತ್ನಿಯದ್ದೋ ನೆನಪಿನ ಜಾಗಕ್ಕೆ ಕರೆದೊಯ್ಯುತ್ತಿದ್ದರು. "ಈ ದೇಶದ ಅನ್ನ ತಿಂತಿದೀವಿ. ಇಲ್ಲಿನ ಹಿರಿಯರು ಯಾರು ಅಂತ ಮಗೂಗೆ ಗೊತ್ತಿರ್ಬೇಕು" ಎನ್ನುವರು. ನಾವಿದ್ದ ಕಡೆ ಅಂಥ ದೊಡ್ಡ ಸ್ಮಾರಕಗಳೇನೂ ಇರಲಿಲ್ಲ. ಒಬ್ಬ ಅಧ್ಯಕ್ಷರು ರೈಲಿನಿಂದಿಳಿದು ಭಾಷಣ ಮಾಡಿದ ಜಾಗದಲ್ಲಿ ಒಂದು ಕಲ್ಲು, ಇನ್ನೊಬ್ಬರ ಪತ್ನಿ ನೆಟ್ಟ ಮರ, ಇಂಥವು. ಏಳು ವರ್ಷದ ನಮ್ಮ ಪುಟ್ಟಿ ಆ ಕಲ್ಲಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಕ್ಷರ ಮೂಡಿಸಿಕೊಳ್ಳುತ್ತಿದ್ದಳು. ನಾನು ಮೊಸರನ್ನ, ಚಿತ್ರಾನ್ನ ಕಟ್ಟಿಕೊಳ್ಳುತ್ತಿದ್ದೆ. ಪಾರ್ಕಿಂಗು ಸಿಕ್ಕಿತು, ಮಗು ಕಾರಿನಲ್ಲಿ ವಾಂತಿ ಮಾಡಲಿಲ್ಲ, ಮಳೆ ಹಿಡಿಯಲಿಲ್ಲ. ಇಷ್ಟಾದರೆ ಸಾಕು, ಭಗವಂತ ಆ ದಿನ ನಮ್ಮನ್ನು ಕೈಹಿಡಿದು ನಡೆಸಿದ ಎಂದುಕೊಳ್ಳುವವಳು ನಾನು.

ಆ ವರ್ಷ ಅತ್ತೆ ನಮ್ಮ ಜೊತೆಗಿದ್ದರು. ಹಿಂದಿನ ಸೆಪ್ಟೆಂಬರಿನಲ್ಲಿ ಮಾವ ಮೈಸೂರಿನಲ್ಲಿ ತೀರಿಕೊಂಡಿದ್ದರು. ಬೆಳಿಗ್ಗೆ ತಿಂಡಿಗೆ ಕೂತವರು ತಟ್ಟೆಗೆ ಕೈ ಹಾಕುವ ಮೊದಲೇ ಹೋಗಿಬಿಟ್ಟರು. ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಪಿಂಡವಿಟ್ಟು ಕಾದರೆ ಕಾಗೆ ಮುಟ್ಟಲಿಲ್ಲ. ಎದುರಿನ ಮರದಲ್ಲೇ ಕೂತಿತ್ತಂತೆ, ಇಳಿಯಲಿಲ್ಲ. ಬಿಸಿಲೇರಿದ ಮೇಲೆ ಪುರೋಹಿತರು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಕರ್ಮ ಮುಗಿಸಿದರು. ಈ ವಿಷಯ ಅತ್ತೆಯ ಕಿವಿಗೆ ಬೀಳಬಾರದು ಎಂದು ಗಂಡಸರೆಲ್ಲ ಮಾತಾಡಿಕೊಂಡಿದ್ದರು. ಸಂಜೆಯೊಳಗೆ ಯಾರೋ ಹೇಳಿಯೇಬಿಟ್ಟಿದ್ದರು.

ಅಂದಿನಿಂದ ಅತ್ತೆ ಊಟ ಬಿಟ್ಟರು. ಪೂರ್ತಿ ಬಿಟ್ಟಿದ್ದರೆ ಜಗಳವಾಡಬಹುದಿತ್ತು. ಎರಡು ತುತ್ತು ತಿಂದು ಕೈ ತೊಳೆಯುವರು. ಕೇಳಿದರೆ, "ಅವ್ರು ಹಸ್ಕೊಂಡು ಹೋದ್ರು ಕಣಮ್ಮ. ನಂಗೆ ಗಂಟಲಲ್ಲಿ ಇಳಿಯಲ್ಲ" ಎಂದಷ್ಟೇ. ಜಾಗ ಬದಲಾದರೆ ಸರಿಹೋದೀತು ಎಂದು ಇಲ್ಲಿಗೆ ಕರೆಸಿಕೊಂಡೆವು. ಬಂದ ಮೂರು ತಿಂಗಳಲ್ಲಿ ಅವರ ರವಿಕೆಗಳನ್ನು ಮೂರು ಸಲ ಒಳಗೆ ಹಿಡಿದು ಹೊಲಿದೆ. ಪರಿಚಯದ ಡಾಕ್ಟರು ನೋಡಿ, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಇನ್ನೊಂದು ತಿಂಗಳು ಹೋದರೆ ನನ್ನ ಕೈಯಲ್ಲಿ ಇರುವುದಿಲ್ಲ ಎಂದರು. ನಾನು ಬಾಲ್ಕನಿಯಲ್ಲಿ ಅನ್ನವಿಟ್ಟು ನೋಡಿದೆ. ಇಲ್ಲಿಯ ಕಾಗೆಗಳಿಗೇನು, ಬಂದು ಕ್ಷಣದಲ್ಲಿ ಮುಗಿಸಿದವು. ಅತ್ತೆ ಕಿಟಕಿಯಲ್ಲಿ ನೋಡಿ, "ಈ ಊರ ಕಾಗೆಗೆ ಅವರ ಗುರುತೆಲ್ಲಿ ಇರತ್ತೆ" ಎಂದು ಒಳಗೆ ಹೋದರು. ಪಕ್ಷಿಗಳಿಗೆ ತಿನಿಸು ಹಾಕಬಾರದು ಎಂದು ಅಪಾರ್ಟ್‌ಮೆಂಟಿನ ಆಫೀಸಿನಿಂದ ಚೀಟಿ ಬಂದದ್ದೊಂದೇ ಲಾಭ.

ಆ ಫೆಬ್ರವರಿಯಲ್ಲಿ ನಾವು ಹೋದದ್ದು ಫ್ರೀವೇ ಬಿಟ್ಟು ಗುಡ್ಡ ಹತ್ತಿದ ಮೇಲೆ ಸಿಗುವ ಒಂದು ಮನೆಗೆ. ಒಬ್ಬ ಹಳೆಯ ಅಧ್ಯಕ್ಷರು ಅಧಿಕಾರ ಬಿಟ್ಟ ಮೇಲೆ ಪತ್ನಿಯೊಡನೆ ಬಾಳಿದ ಮನೆ. ಹೆಸರು ಬೇಡ, ಅಲ್ಲಿಯವರಿಗೆ ಮುಜುಗರ. ಬಿಳಿಗೂದಲಿನ, ಅತ್ತೆಯ ವಯಸ್ಸಿನವರೇ ಆದ ಒಬ್ಬ ಹೆಂಗಸು ಅಲ್ಲಿ ಸಂಬಳವಿಲ್ಲದೆ ಬಂದು ಮನೆ ತೋರಿಸುತ್ತಿದ್ದರು. ಅಂದಿನ ಕೊನೆಯ ತಂಡ ನಮ್ಮದೇ, ನಾವು ನಾಲ್ವರೇ.

ಊಟದ ಕೋಣೆಯಲ್ಲಿ ಉದ್ದ ಮೇಜು, ಆರು ಕುರ್ಚಿ, ಆರು ತಟ್ಟೆ. ಮೇಜಿನ ಈಚೆಗೆ ಹಗ್ಗ, ಹಗ್ಗದ ಈಚೆ ನಾವು. ಹಗ್ಗಕ್ಕೆ ಹತ್ತಿರದ ತುದಿಯಲ್ಲಿದ್ದದ್ದು ಅಧ್ಯಕ್ಷರ ಕುರ್ಚಿ. ಅವರು ತೀರಿಕೊಂಡ ಮೇಲೂ ಪತ್ನಿ ದಿನವೂ ಆ ಜಾಗದಲ್ಲಿ ತಟ್ಟೆ ಇಡಿಸುತ್ತಿದ್ದರು ಎಂದು ಆ ಹೆಂಗಸು ಹೇಳಿದರು. ನಮ್ಮವರು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದರು.

"ಬಡಿಸ್ತಿದ್ರಂತಾ?" ಅತ್ತೆ ಕೇಳಿದರು.

ಇವರು ವಿಚಾರಿಸಿದರು. ಇಲ್ಲ, ಬರೀ ತಟ್ಟೆ, ನೆನಪಿಗೆ ಎಂದು ಆಕೆ ನಕ್ಕರು.

"ಅಷ್ಟು ದೊಡ್ಡೋರನ್ನ ಬರೀ ತಟ್ಟೆ ಮುಂದೆ ಕೂರಿಸ್ಬಿಟ್ಟಿದಾರಾ? ದೇಶ ಆಳಿದೋರು. ಒಂದು ತುತ್ತು ಹಾಕೋರೂ ಇಲ್ವಾ?"

"ಅಮ್ಮ, ಇದು ಮ್ಯೂಸಿಯಮ್ಮು. ಶೋಗೆ ಇಟ್ಟಿರೋದು," ಎಂದರು ಇವರು.

"ಇಟ್ಸ್ ಓನ್ಲಿ ಪ್ರಿಟೆಂಡ್, ಅಜ್ಜಿ," ಎಂದಳು ಪುಟ್ಟಿ.

"ನೀನು ಸುಮ್ನಿರು, ಅಧ್ಯಕ್ಷಿಣಿ," ಎಂದರು ಅತ್ತೆ. ತಿಂಗಳುಗಳ ಮೇಲೆ ಅವರ ಬಾಯಲ್ಲಿ ಬಂದ ತಮಾಷೆ ಅದು. ಅದನ್ನೂ ನಾನು ಒಂದು ಕೃಪೆ ಎಂದುಕೊಂಡೆ.

ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು. ಇವರೂ ಪುಟ್ಟಿಯೂ ಆ ಹೆಂಗಸಿನ ಜೊತೆ ಮೇಲೆ ಹೋದರು. ಆ ಕೋಣೆಯಲ್ಲೇ ಗೋಡೆಯ ಪಕ್ಕದ ಬೆಂಚಿನಲ್ಲಿ ಅತ್ತೆಯನ್ನು ಕೂರಿಸಿ, ಊಟದ ಚೀಲ ಅವರ ತೊಡೆಯ ಮೇಲಿಟ್ಟು, ನಾನು ನೀರು ತರಲು ಹೊರಗೆ ಹೋದೆ. ಬಂದು ನೋಡುತ್ತೇನೆ, ಅಧ್ಯಕ್ಷರ ತಟ್ಟೆಯಲ್ಲಿ ಎರಡು ಹಿಡಿ ಮೊಸರನ್ನ. ಒಗ್ಗರಣೆಯ ಸಾಸಿವೆ, ಕರಿಬೇವು ಎಲ್ಲ ಕಾಣುತ್ತಿದೆ. ಅತ್ತೆ ಕೈಮುಗಿದು ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ.

"ಅತ್ತೆ, ಏನ್ಮಾಡಿದ್ರಿ ಇದು?"

"ಬಡಿಸಿದೆ," ಎಂದರು.

ತೆಗೆದುಬಿಡೋಣವೆಂದು ನಾನು ಹಗ್ಗದಾಚೆ ಕೈ ಚಾಚುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ನಾನು ಅತ್ತೆಯನ್ನು ಎಬ್ಬಿಸಿಕೊಂಡು ಕಳ್ಳಿಯ ಹಾಗೆ ಹೊರಗೆ ಬಂದೆ. ಆ ಹೆಂಗಸು ಒಳಗೆ ನೋಡದೆ ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿ, ನಮ್ಮನ್ನು ಹಿಂದಿನ ತೋಟಕ್ಕೆ ಕರೆದೊಯ್ದರು. ಆ ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು.

ತೋಟದಲ್ಲಿ ಹದಿನೈದು ನಿಮಿಷ ಕಳೆದಿರಬಹುದು. ಅತ್ತೆ ನನ್ನ ಕೈ ಹಿಡಿದೇ ಇದ್ದರು. ಇವರೂ ಪುಟ್ಟಿಯೂ ಕಣ್ಣೆದುರಿಗೇ ಇದ್ದರು, ಆ ಹೆಂಗಸೂ ಅಷ್ಟೆ, ಗುಲಾಬಿ ಗಿಡಗಳ ಕಥೆ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಪರರ ಮನೆಯ ಹಳೆಯ ವಸ್ತು, ನಾಳೆ ಬೂಷ್ಟು ಹಿಡಿದರೆ ಮನೆ ತೋರಿಸಿದ ಈ ಮುದುಕಿಯ ತಲೆಗೆ ಬರುತ್ತದೆ. ದೇವರ ಮೇಲೆ ಭಾರ ಹಾಕಿ, ಆಕೆಯನ್ನು ಪಕ್ಕಕ್ಕೆ ಕರೆದು, ನನ್ನ ಅರೆಬರೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಆಕೆಯ ಮುಖ ಕೆಂಪಾಯಿತು. ಜೇಬಿನಿಂದ ಬೀಗದ ಕೈ ತೆಗೆದರು. ನಾವಿಬ್ಬರೇ ಒಳಗೆ ಹೋದೆವು.

ತಟ್ಟೆ ಖಾಲಿಯಿತ್ತು.

ಒಂದು ಅಗುಳಿಲ್ಲ, ಕರಿಬೇವಿನ ಎಸಳಿಲ್ಲ, ಮೊಸರಿನ ಪಸೆಯೂ ಇಲ್ಲ. ಮೇಜಿನ ಬಟ್ಟೆಯ ಮೇಲೆ ಕಲೆಯಿಲ್ಲ. ಆದರೆ ಕೋಣೆಯ ತುಂಬ ಇಂಗಿನ ಒಗ್ಗರಣೆಯ ವಾಸನೆ ಇತ್ತು. ಆಕೆಗೂ ಬಂತು, ಏನಿದು ವಾಸನೆ ಎಂದು ನನ್ನನ್ನು ಕೇಳಿದರು. ಕಿಟಕಿಗಳನ್ನು ಎಳೆದು ನೋಡಿದರು, ಎಲ್ಲಕ್ಕೂ ಚಿಲಕ ಹಾಕಿತ್ತು. ಆಮೇಲೆ ಹಗ್ಗ ದಾಟಿ ಹೋಗಿ ಪಕ್ಕದ ತಟ್ಟೆಯ ಮೇಲೆ ಬೆರಳೆಳೆದರು. ತೆಳುವಾಗಿ ಧೂಳು ಬಂತು. ಅಧ್ಯಕ್ಷರ ತಟ್ಟೆಯ ಮೇಲೆ ಎಳೆದರು. ಏನೂ ಬರಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಕೊನೆಗೆ, ಇದನ್ನು ಆಫೀಸಿನಲ್ಲಿ ಹೇಳುವುದು ಬೇಡ ಅಲ್ಲವೇ ಎಂದು ನನ್ನನ್ನೇ ಕೇಳಿದರು. ಬೇಡ ಎಂದೆ.

ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ಇಲಿಯಾದರೆ ಅಗುಳು ಚೆಲ್ಲದೆ, ಕರಿಬೇವು ಬಿಡದೆ, ತಟ್ಟೆ ತೊಳೆದಿಟ್ಟ ಹಾಗೆ ತಿನ್ನುತ್ತದೆಯೇ? ಅತ್ತೆ ನಾನು ಎಬ್ಬಿಸುವ ಮುಂಚೆ ತೆಗೆದುಬಿಟ್ಟರೇ? ಇಲ್ಲ, ಬಾಗಿಲು ದಾಟುವಾಗ ತಿರುಗಿ ನೋಡಿದ್ದೆ, ಅನ್ನ ಅಲ್ಲೇ ಇತ್ತು. ಚೀಲದಲ್ಲಿದ್ದ ಮೊಸರನ್ನದ ಡಬ್ಬಿಯಲ್ಲಿಯೂ ಎರಡು ಹಿಡಿ ತೆಗೆದ ಗುಳಿ ಹಾಗೆಯೇ ಇತ್ತು. ಇನ್ನೊಂದು ಬೀಗದ ಕೈ ಯಾರ ಬಳಿಯಾದರೂ ಇತ್ತೋ ಏನೋ. ಇದ್ದರೂ ಅಂಥವರು ಬಂದು ಹದಿನೈದು ನಿಮಿಷದಲ್ಲಿ ಇದೊಂದನ್ನೇ ಯಾಕೆ ಮಾಡಿಯಾರು? ಉಂಡವರು ಮಾವನೋ, ಆ ಮನೆಯ ಯಜಮಾನರೋ, ಅಥವಾ ಯಾರೂ ಅಲ್ಲವೋ ನನಗೆ ಗೊತ್ತಿಲ್ಲ. ದೇವರ ಮುಂದೆ ಕೂತಾಗಲೂ ಈ ಒಂದು ವಿಷಯ ಕೇಳಲು ಧೈರ್ಯವಾಗಿಲ್ಲ.

ನಾನು ಹೊರಗೆ ಬರುವಷ್ಟರಲ್ಲಿ ಎಲ್ಲರೂ ಕಾರು ಹತ್ತಿದ್ದರು. ಅತ್ತೆಯ ಪಕ್ಕ ಕೂತೆ. ಹೇಳಲೋ ಬೇಡವೋ, ಹೇಳಿದರೆ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದೆ. ಕಾರು ಗುಡ್ಡ ಇಳಿದು ಫ್ರೀವೇ ಸೇರುವ ಮೊದಲೇ ಅತ್ತೆ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು.

"ಹಸಿವಾಗ್ತಿದೆ ಕಣೇ. ಉಪ್ಪಿನಕಾಯಿ ತಂದಿದೀಯಾ?"

ಮುಂದೆ ಕೂತಿದ್ದ ಇವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಅತ್ತೆ ಆ ಡಬ್ಬಿಯ ಅನ್ನವನ್ನು ಕೊನೆಯ ಅಗುಳಿನವರೆಗೆ ಉಂಡರು. ಮನೆಗೆ ಬಂದು ರಾತ್ರಿ ಸಾರಿನಲ್ಲಿ ಮತ್ತೆ ಉಂಡರು. ಬೇಸಿಗೆ ಬರುವ ಹೊತ್ತಿಗೆ ನಾನು ರವಿಕೆಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ.

ಅತ್ತೆ ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ತಟ್ಟೆಯಲ್ಲಿ ಅನ್ನ ಇರಲಿಲ್ಲ ಎಂದು ನಾನು ಅವರಿಗೆ ಹೇಳಲೇ ಇಲ್ಲ. ಏನಾಯಿತು ಎಂದು ಅವರು ಕೇಳಲೂ ಇಲ್ಲ.